ದ್ಯಾವಪ್ಪನ ಕೊರಳಿಗೆ ಬಿದ್ದ ಹಾರ

ತುರ್ವಿಹಾಳದ ದ್ಯಾವಪ್ಪನಿಗೆ ನೆಲ್ಲಿನ ಗದ್ದೆಯಲ್ಲಿ ಹಾವು ಕಚ್ಚಿ, ಬಳ್ಳಾರಿಯ ಆಸ್ಪತ್ರೆಯಲ್ಲಿ ವಾರಗಟ್ಟಲೆ ಉಸಿರಿನ ಮಷಿನ್ನಿಗೆ ಹಾಕಿದ್ದರು. ಗಂಟಲಿಗೆ ತೂತು ಕೊರೆದು ನಳಿಕೆ ಇಟ್ಟರು. ಆಮೇಲೆ ಮಷಿನ್ನು ತೆಗೆದರು, ನಳಿಕೆ ಮಾತ್ರ ಇನ್ನಷ್ಟು ದಿನ ಇರಲಿ ಎಂದು ಮನೆಗೆ ಕಳಿಸಿದರು.

ಆಸ್ಪತ್ರೆಯಲ್ಲಿ ನರ್ಸಮ್ಮ ಗಂಡನ ಹೆಸರು ಕೇಳಿದಾಗ ಹೆಂಡತಿ ಯಮನಮ್ಮ ಸೆರಗು ಕಚ್ಚಿಕೊಂಡು ಗೋಡೆ ನೋಡಿದ್ದಳು. ಕಟ್ಟಿಕೊಂಡವನ ಹೆಸರು ಹಿಡಿದರೆ ಅವನ ಆಯುಷ್ಯ ಕಡಿಮೆಯಾಗುತ್ತದಂತೆ! ಕೊನೆಗೆ ಪಕ್ಕದ ಮಂಚದಲ್ಲಿದ್ದ ನಮ್ಮೂರ ದಾವಲ್‌ಬೀಯೇ ಹೆಸರು ಹೇಳಬೇಕಾಯಿತು.

ಹೆಸರು ಹೇಳದಿದ್ದರೇನು, ಕೆಲಸವನ್ನು ಚೆನ್ನಾಗಿ ಕಲಿತಳು. ನಳಿಕೆಯೊಳಗೆ ಇನ್ನೊಂದು ನಳಿಕೆ. ಒಳಗಿನದರಲ್ಲಿ ಕಫ ಕಟ್ಟಿದರೆ ಅದನ್ನು ಹೊರಗೆಳೆಯಬೇಕು, ಕಾಯಿಸಿದ ನೀರಲ್ಲಿ ತೊಳೆದು ಮತ್ತೆ ಹಾಕಬೇಕು. "ಈ ತೂತೇ ಇವರ ಮೂಗು ಅನ್ಕೋ" ಎಂದಿದ್ದಳು ನರ್ಸಮ್ಮ. ಅಂದಿನಿಂದ ಲೋಬಾನ, ಬೀಡಿ, ಧೂಳು ಯಾವುದನ್ನೂ ಯಮನಮ್ಮ ಹೊಸ್ತಿಲು ದಾಟಗೊಡಲಿಲ್ಲ.

ಆದರೆ ನಮ್ಮೂರ ಆದಪ್ಪನನ್ನು ತಡೆಯುವವರು ಯಾರು? ಎಮ್ಮೆ ಈದರೂ ಶಾಲು ಹೊದಿಸುವ ಮನುಷ್ಯ. ಸಾವು ಗೆದ್ದು ಬಂದವನನ್ನು ಸುಮ್ಮನೆ ಬಿಟ್ಟಾನೆಯೇ? ದ್ಯಾವಪ್ಪನ ಮನೆ ಮುಂದೆಯೇ ಜನ ಸೇರಿಸಿದ, ಕುರ್ಚಿ ಹಾಕಿಸಿದ. ಯಮನಮ್ಮ ಒಳಗೆ ನೀರು ಕಾಯಿಸಲು ಹೋದದ್ದೇ ತಡ, ದ್ಯಾವಪ್ಪನಿಗೆ ಶಾಲು ಹೊದಿಸಿ, ಗದ್ದದವರೆಗೆ ಬರುವ ಚೆಂಡುಹೂವಿನ ಹಾರ ಹಾಕಿ, ಭಾಷಣಕ್ಕೆ ನಿಂತ.

ತೂತಿಗೆ ಬೆರಳೊತ್ತದೆ ಮಾತು ಹೊರಡದ ದ್ಯಾವಪ್ಪ ಎರಡೂ ಕೈ ಬೀಸಿದ.

"ನೋಡ್ರಿ, ಎಲ್ಲಾರಿಗೂ ನಮಸ್ಕಾರ ಮಾಡಾಕತ್ತಾನ!" ಎಂದ ಆದಪ್ಪ. ಜನ ಚಪ್ಪಾಳೆ ತಟ್ಟಿದರು.

ದ್ಯಾವಪ್ಪನ ಕಣ್ಣುಗುಡ್ಡೆಗಳು ಹೊರಬಂದವು, ನೀರು ಸುರಿಯಿತು.

"ಸಂತೋಷಕ್ಕ ಕಣ್ಣೀರು ಬಂದಾವ್ರಿ!"

ಮತ್ತೆ ಚಪ್ಪಾಳೆ. ದಡ್ಡರ ಸಂತೆ!

ಚಪ್ಪಾಳೆ ಕೇಳಿ ಹೊರಬಂದ ಯಮನಮ್ಮ ಗಂಡನ ನೀಲಿ ತುಟಿ ನೋಡಿದಳು. ಆದಪ್ಪನನ್ನು ಪಕ್ಕಕ್ಕೆ ನೂಕಿ ಹಾರ ಹರಿದಳು, ಶಾಲು ಕಿತ್ತೆಸೆದಳು. ಆದರೂ ಉಸಿರಿಲ್ಲ.

"ದ್ಯಾವಪ್ಪಾ! ಉಸುರು ತಗೋ, ದ್ಯಾವಪ್ಪಾ!"

ಇಡೀ ಊರು ಬಾಯಿ ಬಿಟ್ಟಿತು. ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಒಳನಳಿಕೆ ತಿರುವಿ ಎಳೆದಳು. ಒಣಗಿದ ಕಫಕ್ಕೆ ಅಂಟಿದ ಚೆಂಡುಹೂವಿನ ಎಸಳುಗಳು ಅದರ ಜೊತೆಗೇ ಬಂದವು. ಕೊರಳಿನಿಂದ ಸೊಂಯ್ ಎಂದು ಗಾಳಿ ಆಡಿತು. ಯಮನಮ್ಮ ಅಲ್ಲೇ ನೆಲಕ್ಕೆ ಕೂತು ಗಳಗಳ ಅತ್ತಳು.

ದ್ಯಾವಪ್ಪ ಸುಧಾರಿಸಿಕೊಂಡು, ತೂತಿಗೆ ಬೆರಳೊತ್ತಿ, ಗೊಗ್ಗರು ದನಿಯಲ್ಲಿ ಹೇಳಿದ: "ಊರ ಮುಂದ ನನ್ನ ಹೆಸರು ಹಿಡದ್ಯಲ್ಲಬೇ. ನನ್ನ ಆಯುಷ್ಯ?"

ಯಮನಮ್ಮ ಮೂಗೊರೆಸಿಕೊಂಡಳು. "ಹೆಸರು ಹಿಡದ ಮ್ಯಾಲೇ ನಿಮಗ ಉಸುರು ಬಂದೈತಿ. ಇನ್ನ ದಿನಾ ಹಿಡೀತೀನಿ. ಬೆರಳು ತಗೀರಿ, ನಳಿಕಿ ಹಾಕಬೇಕು."