ಫೈಬೆಲ್ ವೈಲ್‌ನ ಉದ್ರಿ

ಸಿನ್ಸಿನಾಟಿಯ ಸಗಟು ವ್ಯಾಪಾರಿ ಹಾಲ್‌ಸ್ಟೆಡ್ ಆ ವಸಂತದಲ್ಲಿ ಬಟ್ಟೆ ಅಂಗಡಿಯ ಫೈಬೆಲ್ ವೈಲ್‌ಗೆ ಒಂದು ಗಜ ಬಟ್ಟೆಯನ್ನೂ ಉದ್ರಿ ಕೊಡಲಿಲ್ಲ. ಅಲ್ಲಿಯವರೆಗೆ ಒಂದು ಕಾಸೂ ಬಾಕಿ ಉಳಿಸಿಕೊಳ್ಳದವನಿಗೆ ಇದೇನೆಂದು ತಿಳಿಯಲಿಲ್ಲ.

“ನ್ಯೂಯಾರ್ಕಿನ ಏಜೆನ್ಸಿ ನಿನ್ನ ಬಗ್ಗೆ ವರದಿ ಕಳ್ಸಿದೆ,” ಎಂದ ಹಾಲ್‌ಸ್ಟೆಡ್. “‘ಯೆಹೂದಿ. ಯಾವತ್ತು ಗಂಟು ಕಟ್ಕೊಂಡು ಹೊರಡ್ತಾನೋ ಹೇಳಕ್ಕಾಗಲ್ಲ.’ ನಾನೇನ್ ಮಾಡ್ಲಿ?”

ಯಾರನ್ನು ನಂಬಿ ಉದ್ರಿ ಕೊಡಬಹುದೆಂಬ ಇಂಥ ವರದಿಗಳನ್ನು ಏಜೆನ್ಸಿಗೆ ಗುಟ್ಟಾಗಿ ಬರೆದು ಕಳಿಸುವವರು ಊರೂರಿನ ವಕೀಲರು. ಫೈಬೆಲ್‌ನ ಊರು ಓಹಾಯೊ ನದಿಯ ದಡದಲ್ಲಿ, ಇಂಡಿಯಾನಾದಲ್ಲಿ. ಅಲ್ಲಿದ್ದವನು ಒಬ್ಬನೇ ವಕೀಲ, ಪ್ರೂಯಿಟ್. ದಿನಾ ಬೆಳಿಗ್ಗೆ ಟೋಪಿ ಎತ್ತಿ ನಮಸ್ಕಾರ ಹೇಳುವವನು.

ಫೈಬೆಲ್ ಸಿನ್ಸಿನಾಟಿಯಲ್ಲೇ ಕೆಳಬೀದಿಯ ಇನ್ನೊಬ್ಬ ಸಗಟು ವ್ಯಾಪಾರಿ ಝುಸ್‌ಮನ್‌ನ ಅಂಗಡಿಗೆ ಹೋದ. ಇಬ್ಬರೂ ಬವೇರಿಯಾದವರು, ಅಕ್ಕಪಕ್ಕದ ಹಳ್ಳಿಯವರು.

“ನಿಮ್ಮಪ್ಪ ನಮ್ಮಪ್ಪಂಗೆ ಕುಂಟು ಹಸು ಮಾರಿದ್ದ, ಗೊತ್ತೇನೋ?” ಎಂದ ಝುಸ್‌ಮನ್.

“ಕುಂಟುತ್ತೆ ಅಂತ ಹೇಳೇ ಮಾರಿದ್ನಂತಲ್ಲ.”

“ಅದಕ್ಕೇ ಉದ್ರಿ ಕೊಡ್ತಿದೀನಿ. ಏನೇನ್ ಬೇಕೋ ಎತ್ಕೊಂಡ್ ಹೋಗು.”

ಆ ವರ್ಷ, ೧೮೫೭ರ ಶರತ್ಕಾಲದಲ್ಲಿ, ಬ್ಯಾಂಕುಗಳು ಒಂದರ ಹಿಂದೊಂದು ಬಾಗಿಲು ಹಾಕಿದವು. ರೈತರ ಕೈಯಲ್ಲಿ ನಾಣ್ಯವಿಲ್ಲ. ಝುಸ್‌ಮನ್‌ನ ಕುತ್ತಿಗೆ ಮೇಲೆ ಅವನಿಗೆ ಸಾಲ ಕೊಟ್ಟವರು ಕೂತಿದ್ದಾರೆಂದು ದೋಣಿಯವರು ಸುದ್ದಿ ತಂದರು. ಆ ರಾತ್ರಿ ಫೈಬೆಲ್, ಅಂಗಡಿ ಇಡುವ ಮೊದಲು ಊರೂರು ತಿರುಗಿ ಮಾರುವಾಗ ಹೊರುತ್ತಿದ್ದ ಮೂಟೆಯ ಪಟ್ಟಿಯನ್ನು ಅಟ್ಟದಿಂದ ಇಳಿಸಿದ.

“ಅಂಗಡಿ ನಾನ್ ನೋಡ್ಕೋತೀನಿ,” ಎಂದಳು ಹೆಂಡತಿ ಯೆಟ್ಟೆ. “ನಿಮ್ ಕೈಲಿ ಮತ್ತೆ ಮೂಟೆ ಹೊರಕ್ಕಾಗುತ್ತಾ?”

“ಆಗ್ದೆ ಏನು? ಮಂಡಿ ಒಂದಿಷ್ಟು ಬೈಕೊಳ್ಳುತ್ತೆ, ಅಷ್ಟೆ.”

ನಲವತ್ತು ದಾಟಿದವನು ಚಳಿಗಾಲವಿಡೀ ಹಳ್ಳಿ ಹಳ್ಳಿ ತಿರುಗಿದ. ಬಟ್ಟೆ ಕೊಟ್ಟು ಚರ್ಮ, ಜೇನುಮೇಣ, ಬಾತುಕೋಳಿಯ ಪುಕ್ಕ ತಂದ. ಅವನ್ನು ಸಿನ್ಸಿನಾಟಿಯಲ್ಲಿ ಮಾರಿದ. ಹಿಮ ಕರಗುವ ಹೊತ್ತಿಗೆ ಝುಸ್‌ಮನ್‌ನ ಬಾಕಿ ಪೂರ್ತಿ ತೀರಿತ್ತು. ಪ್ರೂಯಿಟ್ “ಭದ್ರ ಕುಳ” ಎಂದು ಬರೆದಿದ್ದ ಊರಿನ ಇಬ್ಬರು ವ್ಯಾಪಾರಿಗಳು ಅಷ್ಟರಲ್ಲಿ ಅಂಗಡಿಗೆ ಬೀಗ ಜಡಿದು ಟೆಕ್ಸಸ್‌ಗೆ ಪರಾರಿಯಾಗಿದ್ದರು.

ಹಾಲ್‌ಸ್ಟೆಡ್ ತಾನಾಗಿಯೇ ಕರೆಸಿ ಹೊಸ ವರದಿ ಓದಿದ: “ಯೆಹೂದಿ, ಆದರೂ ಪ್ರಾಮಾಣಿಕ.”

ಫೈಬೆಲ್ ಊರಿಗೆ ಬಂದವನೇ ನೇರ ಪ್ರೂಯಿಟ್‌ನ ಮುಂದೆ ನಿಂತ. “ವಕೀಲರೇ, ಆ ‘ಆದರೂ’ ಯಾಕೆ?”

ಪ್ರೂಯಿಟ್‌ನ ಕಿವಿ ಕೆಂಪಾಯಿತು. “ನಿನಗೆ ಒಳ್ಳೇದಾಗ್ಲಿ ಅಂತಲೇ ಬರೆದೆ, ಮಾರಾಯ.”

“ಗೊತ್ತು. ಬೇಜಾರೂ ಅದಕ್ಕೇ.”

ಹಾಗಂತ ಹಾಲ್‌ಸ್ಟೆಡ್‌ನ ಉದ್ರಿಯನ್ನು ಬೇಡವೆನ್ನಲಿಲ್ಲ. ಅವನಲ್ಲಿ ಹತ್ತಿಬಟ್ಟೆ ಅಗ್ಗ. ಉಣ್ಣೆಯನ್ನು ಮಾತ್ರ ಝುಸ್‌ಮನ್‌ನಲ್ಲೇ ಕೊಂಡ. ಮುಂದಿನ ಬೇಸಿಗೆಯಲ್ಲಿ ಯೆಟ್ಟೆಯ ತಮ್ಮ ಹಡಗಿಳಿದು ಬರಿಗೈಲಿ ಬಂದು ನಿಂತಾಗ, ಫೈಬೆಲ್ ಸೂಜಿ, ದಾರ, ಗುಂಡಿ, ರಿಬ್ಬನ್ ತುಂಬಿ ಅವನ ಮೊದಲ ಮೂಟೆಯನ್ನು ತಾನೇ ಕಟ್ಟಿಕೊಟ್ಟ.

“ದುಡ್ಡು ಯಾವಾಗ ಕೊಡ್ಲಿ, ಭಾವ?”

“ಮಾರಿ ಬಾ ಮೊದ್ಲು,” ಎಂದ ಫೈಬೆಲ್, ಮೂಟೆಯ ಪಟ್ಟಿಯನ್ನು ಅವನ ಹೆಗಲಿಗೆ ಸರಿಮಾಡುತ್ತಾ.