ಕಾಲಿಗೆ ನೀರು

ಉದ್ದ ಬಿದಿರಿನ ತುದಿಗೆ ಹಿಡಿಸೂಡಿ ಕಟ್ಟಿಕೊಂಡು ರತ್ನ ವಿಮಾನದ ರೆಕ್ಕೆಯ ಮೇಲಿನ ಕಾಗೆ ಹಿಕ್ಕೆ ಕೆರೆಯುತ್ತಿದ್ದಾಗ ಯತೀಶನ ಬೈಕು ಬೇಲಿಯಾಚೆ ಬಂದು ನಿಂತಿತು. ಯತೀಶ ಅವಳ ಗಂಡನ ಅಣ್ಣ, ಹಾಲಾಡಿ ಜಂಕ್ಷನ್ನಿನಲ್ಲಿ ಮೀನಿನ ಅಂಗಡಿ ಇಟ್ಟವನು. ವ್ಯಾಪಾರದ ಹೊತ್ತು ಬಿಟ್ಟು ತ್ರಾಸಿಯವರೆಗೆ ಬಂದಿದ್ದಾನೆ ಎಂದರೆ ಸುಮ್ಮನೆ ಬಂದದ್ದಲ್ಲ. ಹೆಲ್ಮೆಟ್ಟನ್ನೂ ತೆಗೆಯದೆ ಬೇಲಿಯ ಸರಳು ಹಿಡಿದುಕೊಂಡು ನಿಂತ.

“ಬ್ರಹ್ಮಾವರದವ್ರ್ ಫೋನ್ ಮಾಡಿದ್ರ್. ನಮ್ ಮಗ್ಳ್ ಪ್ರಜ್ಞಾ ಒಪ್ಪಿಗೆ ಅಂಬ್ರ್.”

“ಒಳ್ಳೇದಾಯ್ತಲ ಭಾವ.”

“ಆಯ್ತ್. ಆದ್ರೆ ಜಿತೇಂದ್ರನ ಬೊಜ್ಜ ಆಗ್ದೆ ಆ ಮನಿಯಿಂದ ಹೆಣ್ಣ್ ತಕಂಬುಕಾತಿಲ್ಲೆ ಅಂದ್ರ್. ಭಟ್ರೂ ಅದನ್ನೇ ಹೇಳ್ದ್ರ್. ದರ್ಭೆಯಂಗೆ ಒಂದ್ ಬೊಂಬಿ ಮಾಡಿ ಸುಟ್ರೆ ಸಾಕಂಬ್ರ್. ಅಬ್ಬಿ ಒಬ್ಳ್ ಹೂಂ ಅಂದ್ರೆ ಆಯ್ತ್.”

ಗಂಡನ ಉತ್ತರಕ್ರಿಯೆಯ ಮಾತು ಕೇಳಿ ರತ್ನ ಬಿದಿರನ್ನು ನೆಲಕ್ಕೆ ಊರಿದಳು. ಯತೀಶನ ಕಣ್ಣು ಅವಳ ಕೊರಳಿನ ಕರಿಮಣಿಯ ಮೇಲೆ ಒಮ್ಮೆ ಕೂತು, ಕಳ್ಳತನ ಮಾಡಿದ ಹಾಗೆ ಸಮುದ್ರದ ಕಡೆ ಹೊರಳಿತು.

“ನಾ ಬಾಯಿ ತೆಗ್ದ್ರೆ ‘ಇಮಾನ ಹುಡ್ಕ್ತಾ ಇತ್ತಲ’ ಅಂತ್ಳ್ ಅಬ್ಬಿ. ನೀನೇ ಹೇಳ್ಕ್, ರತ್ನ. ನಿನ್ ಅತ್ತಿ ನಿನ್ ಮಾತ್ ಕೇಣ್ತ್ಳ್.”

“ಎಂತ ಅಂದ್ ಹೇಳುದ್?”

“ಹುಡ್ಕುದಿಲ್ಲೆ ಅಂದ್ ಹೇಳ್. ಅಕಾ ಕಾಣ್, ನಿನ್ ತಲಿ ಮೇಲೇ ನಿಂತಿತ್ತಲ ಅದ್.” ಅವನ ದನಿ ಸಣ್ಣದಾಯಿತು. “ನಿಂಗೆ ಬೇಜಾರಾತ್ತ್ ಅಂದ್ ಗೊತ್ತಿತ್ತ್.”

“ಬೇಜಾರ್ ಎಂತ ಇಲ್ಲೆ ಭಾವ,” ಎಂದಳು ರತ್ನ.

ಅದು ನಿಜವೇ ಆಗಿತ್ತು. ಅದೇ ಅವಳಿಗೆ ಒಂದೊಂದು ಸಲ ಹೆದರಿಕೆ ಹುಟ್ಟಿಸುತ್ತಿತ್ತು. ಮೊದಲು ಅವಳು ಬಂದರಿನಲ್ಲಿ ಮೀನು ವಿಂಗಡಿಸುತ್ತಿದ್ದಳು. ಐಸಿನೊಳಗೆ ಬಹಳ ಹೊತ್ತು ಕೈ ಆಡಿಸಿದರೆ ಮೊದಮೊದಲು ಉರಿಯುತ್ತದೆ, ಆಮೇಲೆ ಏಡಿ ಕಚ್ಚಿದರೂ ತಿಳಿಯುವುದಿಲ್ಲ. ಆರು ವರ್ಷದಿಂದ ಅವಳ ಮನಸ್ಸು ಆ ಕೈಯ ಹಾಗೆಯೇ ಇತ್ತು. ಪ್ರಜ್ಞಾಳ ಮದುವೆ ಆಗಬೇಕು, ಸರಿ. ಕರಿಮಣಿ ತೆಗೆಯಬೇಕು, ಅದೂ ಸರಿ. ಯಾವುದೂ ಎಲ್ಲಿಯೂ ತಾಗುತ್ತಿರಲಿಲ್ಲ.

ಆರು ವರ್ಷದ ಹಿಂದೆ, ಮಳೆಗಾಲದ ರಜೆ ಮುಗಿದು ದೋಣಿಗಳು ಕಡಲಿಗಿಳಿದ ಹೊಸತರಲ್ಲಿ, ಜಿತೇಂದ್ರ ಹೋದ ಬೋಟು ತಿರುಗಿ ಬರಲಿಲ್ಲ. ಒಂದು ಹಲಗೆ ಕೂಡ ದಡಕ್ಕೆ ಬರಲಿಲ್ಲ. ಮರುದಿನದಿಂದ ನೌಕಾಪಡೆಯ ವಿಮಾನ ಬಂತು. ತೆಂಗಿನ ಮರದ ತಲೆ ಸವರುವಷ್ಟು ತಗ್ಗಿನಲ್ಲಿ ದಡದ ಮೇಲೆ ಹಾದು, ಪಡುವಣಕ್ಕೆ ಹೋಗಿ, ಕಣ್ಣಿಗೆ ಕಾಣದಾಗಿ, ಸಂಜೆಯೊಳಗೆ ತಿರುಗಿ ಬರುತ್ತಿತ್ತು. ಊರಿನ ಹೆಂಗಸರೆಲ್ಲ ಹೊಯಿಗೆಯಲ್ಲಿ ಸಾಲಾಗಿ ನಿಂತು ನೋಡುತ್ತಿದ್ದರು. ಜಿತೇಂದ್ರನ ತಾಯಿ ಅಮ್ಮಣಿಗಂತೂ ಅದರ ಮೈಯೆಲ್ಲ ಬಾಯಿಪಾಠವಾಗಿತ್ತು. ಬಿಳಿ ಹೊಟ್ಟೆ, ಬಾಲದಲ್ಲಿ ಮಸಿ ಹಿಡಿದ ಹಾಗೆ ಒಂದು ಕಪ್ಪು ಪಟ್ಟಿ, ಪಕ್ಕದಲ್ಲಿ ಗುಳ್ಳೆಯಂತೆ ಉಬ್ಬಿದ ಗಾಜಿನ ಕಿಟಕಿ. ಆ ಗಾಜಿನ ಹಿಂದೆ ಕೂತವನು ಕೆಳಗೆ ಬಗ್ಗಿ ಮಗನನ್ನು ಹುಡುಕುತ್ತಿದ್ದಾನೆ ಎಂದು ಯಾರೋ ಅವಳಿಗೆ ಹೇಳಿದ್ದರು. ಹೇಳಿದವರು ಮರೆತರು, ಅವಳು ಮರೆಯಲಿಲ್ಲ.

ಕೆಲವು ದಿನದ ಮೇಲೆ ವಿಮಾನ ಬರುವುದು ನಿಂತಿತು. ಅಮ್ಮಣಿಗೆ ಸಮುದ್ರದ ಸದ್ದು ಕೇಳಿದರೆ ನಿದ್ರೆ ಬರುತ್ತಿರಲಿಲ್ಲವಾದ್ದರಿಂದ ಅತ್ತೆ ಸೊಸೆ ಇಬ್ಬರೂ ಬಿಜೂರಿನಲ್ಲಿ ಅಮ್ಮಣಿಯ ತವರಿನ ಗದ್ದೆಯಂಚಿನ ಮನೆಗೆ ಬಂದು ಉಳಿದರು. ಅಲ್ಲಿಯೂ ಆಕಾಶದಲ್ಲಿ ಸದ್ದಾದರೆ ಸಾಕು, ಅಮ್ಮಣಿ ಒಲೆಯ ಮೇಲಿದ್ದದ್ದನ್ನು ಹಾಗೆಯೇ ಬಿಟ್ಟು ಅಂಗಳಕ್ಕೆ ಓಡುತ್ತಿದ್ದಳು. ಕಣ್ಣಿಗೆ ಕೈ ಅಡ್ಡ ಹಿಡಿದು, “ಹೊಯ್ತ್ ಕಾಣ್, ಹುಡ್ಕುಕೆ ಹೊಯ್ತ್,” ಎನ್ನುತ್ತಿದ್ದಳು. ಅದು ದುಬೈಯಿಂದ ಮಂಗಳೂರಿಗೆ ಇಳಿಯುವ ವಿಮಾನವಾಗಿರುತ್ತಿತ್ತು. ಒಳಗಿನವರು ನಿದ್ರೆ ಮಾಡುತ್ತಿರುತ್ತಾರೆ ಎಂದು ರತ್ನಳಿಗೆ ಗೊತ್ತು. ಅವಳು ಹೇಳಲಿಲ್ಲ. ಯತೀಶನೂ ಹೇಳಲಿಲ್ಲ. ಒಂದು ದಿನ ಹೇಳಬಹುದು ಎಂದುಕೊಂಡೇ ಆರು ಮಳೆಗಾಲ ಕಳೆಯಿತು.

ಮತ್ತೆ ಅನ್ನದ ವಿಷಯ. ಅಮ್ಮಣಿ ಸಿದ್ದೆಯಲ್ಲಿ ಇಬ್ಬರಿಗೆ ಅಕ್ಕಿ ಅಳೆದು ಹಾಕಿದ ಮೇಲೆ, ಮಗನ ಹೆಸರಿನಲ್ಲಿ ಒಂದು ಮುಷ್ಟಿ ಹೆಚ್ಚು ಹಾಕುತ್ತಿದ್ದಳು. ಬಂದರೆ ಹಸಿದು ಬರುತ್ತಾನಲ್ಲ. ಅವನು ಬರುತ್ತಿರಲಿಲ್ಲ, ಮರುದಿನ ಬೆಳಗ್ಗೆ ಆ ಅನ್ನದ ಗಂಜಿಯನ್ನು ರತ್ನ ಉಪ್ಪಿನಕಾಯಿ ನೆಂಚಿಕೊಂಡು ಉಣ್ಣುತ್ತಿದ್ದಳು. ಗಂಡ ತಂದು ಹಾಕುವುದನ್ನು ತಿಂದವರಿದ್ದಾರೆ. ಗಂಡನ ಪಾಲಿನದ್ದನ್ನೇ ಆರು ವರ್ಷ ತಿಂದವಳು ತಾನೊಬ್ಬಳೇ ಇರಬೇಕು ಎಂದು ಅವಳಿಗೆ ನಗೆ ಬರುತ್ತಿತ್ತು, ಒಮ್ಮೊಮ್ಮೆ ಸಿಟ್ಟೂ ಬರುತ್ತಿತ್ತು.

ಈ ಸಲ ಮಳೆಗಾಲ ಕಳೆದ ಮೇಲೆ ನಿವೃತ್ತಿಯಾದ ವಿಮಾನವೊಂದನ್ನು ತುಂಡು ತುಂಡಾಗಿ ಲಾರಿಯಲ್ಲಿ ತಂದು, ತ್ರಾಸಿಯ ಹೆದ್ದಾರಿ ಪಕ್ಕದಲ್ಲಿ ರೆಕ್ಕೆ ಜೋಡಿಸಿ ನಿಲ್ಲಿಸಿದರು. ಸುತ್ತ ಬೇಲಿ ಬಂತು, ದೀಪ ಬಂತು, ಅದರ ಮೂತಿಯೆದುರು ‘ಏರ್‌ಪೋರ್ಟ್ ಚರುಮುರಿ’ ಎಂಬ ಗಾಡಿಯೂ ಬಂತು. ಗುಡಿಸಿ ಒರೆಸುವ ಕೆಲಸ ರತ್ನಳಿಗೆ ಸಿಕ್ಕಿತು. ಮೊದಲ ದಿನ ಆ ಕಪ್ಪು ಪಟ್ಟಿಯನ್ನೂ ಉಬ್ಬಿದ ಗಾಜನ್ನೂ ನೋಡಿ ಅವಳು ಸ್ವಲ್ಪ ಹೊತ್ತು ನಿಂತದ್ದು ಹೌದು. ಆಮೇಲೆ ನೀರಿನ ನಲ್ಲಿ ಎಲ್ಲಿದೆ ಎಂದು ಕೇಳಿದಳು. ಮನೆಯಲ್ಲಿ ಅತ್ತೆಗೆ ‘ಪಾರ್ಕಿನಲ್ಲಿ ಕೆಲಸ’ ಎಂದಷ್ಟೇ ಹೇಳಿದ್ದಳು.

ಯತೀಶ ಬಂದುಹೋದ ದಿನ ಸಂಜೆ ಅವಳು ಮನೆಗೆ ಹೋಗಿ ಮಾತು ತೆಗೆಯಬೇಕೆಂದು ಮೂರು ನಾಲ್ಕು ಸಲ ಬಾಯಿ ತೆರೆದಳು. ಅಮ್ಮಣಿ ಹುಣಸೆ ಬೀಜ ಬಿಡಿಸುತ್ತಾ ಕೂತಿದ್ದಳು. ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯಲಿಲ್ಲ. ಹೇಳುವುದಕ್ಕಿಂತ ತೋರಿಸುವುದೇ ಸುಲಭ ಎಂದು ಕೊನೆಗೆ ಅನಿಸಿತು.

“ಅತ್ತಿ, ನಾ ಕೆಲ್ಸ ಮಾಡು ಜಾಗ ನೀವ್ ಕಾಣ್ಲೇ ಇಲ್ಲೆ. ನಾಳೆ ನನ್ನೊಟ್ಟಿಗೆ ಬತ್ರಿಯಾ?”

“ಪಾರ್ಕಂಗೆ ಎಂತ ಕಾಂಬುಕಿತ್ತ್?” ಎಂದಳು ಅಮ್ಮಣಿ. ಆದರೂ ಬೆಳಗ್ಗೆ ಹೊಸ ಸೀರೆ ಉಟ್ಟು, ತಲೆಗೆ ಅಬ್ಬಲಿಗೆ ಮುಡಿದು, ಸೊಸೆಗಿಂತ ಮೊದಲೇ ಹೊರಟು ನಿಂತಿದ್ದಳು.

ತ್ರಾಸಿಯಲ್ಲಿ ಬಸ್ಸಿಳಿದಾಗ ಅವಳು ಮೊದಲು ನೋಡಿದ್ದು ಸಮುದ್ರವನ್ನಲ್ಲ. ರಸ್ತೆ ದಾಟುವಾಗಲೇ ಸೊಸೆಯ ಕೈ ಬಿಟ್ಟಳು. ಬೇಲಿಯ ಬಾಗಿಲಲ್ಲಿ ಕಾವಲಿಗಿದ್ದ ಗುಡ್ಡ ಎಂಬವನು, “ಹ್ವಾಯ್ ಅಮ್ಮ, ಟಿಕೇಟು!” ಎಂದ. ರತ್ನ ಅವನಿಗೆ ಸುಮ್ಮನಿರಲು ಕೈಸನ್ನೆ ಮಾಡಿದಳು. ಗುಡ್ಡನೂ ಒಂದು ಕಾಲಕ್ಕೆ ಬೋಟಿಗೆ ಹೋದವನೇ, ಅಮ್ಮಣಿಯ ಗುರುತು ಸಿಕ್ಕಿದ್ದೇ ಬೀಡಿ ಕೆಳಗೆ ಹಾಕಿದ.

ಅಮ್ಮಣಿ ವಿಮಾನದ ಸುತ್ತ ಒಂದು ಸುತ್ತು ಬಂದಳು. ಬಾಲದ ಕೆಳಗೆ ನಿಂತು ಕಪ್ಪು ಪಟ್ಟಿ ನೋಡಿದಳು. ಉಬ್ಬಿದ ಗಾಜಿನ ಕೆಳಗೆ ನಿಂತು ತಲೆ ಎತ್ತಿ ನೋಡಿದಳು. ಬಿಸಿಲಿಗೆ ಬೆಳ್ಳಗಾಗಿ ಆ ಗಾಜಿನಾಚೆ ಏನೂ ಕಾಣಿಸುತ್ತಿರಲಿಲ್ಲ. ದಾವಣಗೆರೆ ಕಡೆಯಿಂದ ಬಂದ ಸಂಸಾರವೊಂದು ಫೋಟೋ ತೆಗೆಸಿಕೊಳ್ಳುತ್ತಿತ್ತು. “ಅಜ್ಜೀ, ಸ್ವಲ್ಪ ಸೈಡಿಗ್ ಬರ್ರೀ,” ಎಂದರು. ಅವಳು ಸರಿದು ನಿಂತಳು. ಸರಿದಲ್ಲಿ ಚಕ್ರಗಳು ಕಂಡವು. ಗಾಳಿಗೆ ಅಲ್ಲಾಡದಿರಲೆಂದು ಚಕ್ರಗಳನ್ನು ಅರ್ಧದವರೆಗೆ ಕಾಂಕ್ರೀಟಿನಲ್ಲಿ ಹೂತಿದ್ದರು.

“ಇದೇ ಅಲ್ದಾ?” ಎಂದಳು ಅಮ್ಮಣಿ.

ಅದೇ ವಿಮಾನವೋ ಅದರ ಜಾತಿಯ ಇನ್ನೊಂದೋ ಯಾರಿಗೂ ಗೊತ್ತಿರಲಿಲ್ಲ. ರತ್ನ ಹೂಂ ಎಂದಳು.

“ಕಾಲ್ ಹೂಳ್ದಿರಲ ಹೆಣೆ. ಇನ್ನ್ ಹಾರುದಿಲ್ಯಾ?”

“ಇಲ್ಲೆ ಅತ್ತಿ. ಅದ್ಕೆ ವಯಸ್ಸಾಯ್ತಂಬ್ರ್.”

ಚರುಮುರಿಯವನು ಈರುಳ್ಳಿ ಕೊಚ್ಚುವ ಸದ್ದು ಕೇಳುತ್ತಿತ್ತು.

“ಇದ್ರ್ ಬದ್ಲಿ ಬೇರೆ ಹೊಯ್ತಾ ಹುಡ್ಕುಕೆ?”

ಆ ಪ್ರಶ್ನೆ ಬರುತ್ತದೆಂದು ರತ್ನ ಎಣಿಸಿರಲಿಲ್ಲ. ಹೌದು ಎಂದರೆ ಮುಗಿಯಿತು. ಅತ್ತೆ ಸಮಾಧಾನದಿಂದ ಬಸ್ಸು ಹತ್ತುತ್ತಾಳೆ, ನಾಳೆಯೂ ಅಂಗಳಕ್ಕೆ ಓಡುತ್ತಾಳೆ, ಒಂದು ಮುಷ್ಟಿ ಅಕ್ಕಿ ಹೆಚ್ಚು ಹಾಕುತ್ತಾಳೆ. ಪ್ರಜ್ಞಾಳ ಸಂಬಂಧ ತಪ್ಪಿಹೋಗುತ್ತದೆ. ಹೌದು ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅದು ಅತ್ತೆಗಾಗಿ ಮಾತ್ರ ಅಲ್ಲಿ ಬಂದು ಕೂತಿಲ್ಲ ಎಂಬುದು ಆ ಗಳಿಗೆಯಲ್ಲಿ ರತ್ನಳಿಗೆ ಹೊಳೆಯಿತು. ಆರು ವರ್ಷ ಆ ಮುದುಕಿ ಆಕಾಶ ನೋಡುವ ಕೆಲಸ ಮಾಡಿದ್ದರಿಂದಲೇ ತಾನು ನೆಲ ನೋಡಿಕೊಂಡು ನಡೆದದ್ದು.

“ಇಲ್ಲೆ ಅತ್ತಿ,” ಎಂದಳು. “ಯಾರೂ ಹೋತಿಲ್ಲೆ. ಹುಡ್ಕುದ್ ಬಿಟ್ಟ್ ಆರ್ ವರ್ಷ ಆಯ್ತ್.”

ಅಮ್ಮಣಿ ಅವಳ ಮುಖವನ್ನು ನೋಡಲಿಲ್ಲ. ಚಕ್ರವನ್ನೇ ನೋಡುತ್ತಿದ್ದಳು.

“ಇದ್ ಇಲ್ಲಿಗ್ ಬಂದ್ ಎಷ್ಟ್ ದಿನ ಆಯ್ತ್?”

“ಚೌತಿ ಕಳ್ದ್ ಮೇಲೆ ಬಂದದ್ದ್.”

“ಅಷ್ಟ್ ದೂರ ತಿರ್ಗಿ ಬಂದದ್ಕೆ ಒಬ್ರಾರೂ ಕಾಲಿಗೆ ನೀರ್ ಕೊಟ್ರ್ಯಾ?”

ಗುಡ್ಡ ನಡುವೆ ಬಾಯಿ ಹಾಕಿದ. “ಮಂತ್ರಿ ಬಂದಿದ್ರ್ ಅಮ್ಮ. ರಿಬ್ಬನ್ ಕಟ್ ಮಾಡ್ದ್ರ್.”

“ರಿಬ್ಬನ್ ಕುಡಿತ್ತಾ ಅದ್?” ಎಂದು ಅಮ್ಮಣಿ ಅವನನ್ನು ಗದರಿದಳು. ಮತ್ತೆ ಸೊಸೆಗೆ, “ಹೆಣೆ, ಒಂದ್ ಚೊಂಬ್ ನೀರ್ ತಕಂಬಾ,” ಎಂದಳು.

ಚೊಂಬು ಇರಲಿಲ್ಲ. ಒರೆಸುವ ಪ್ಲಾಸ್ಟಿಕ್ ಬಕೆಟ್ಟನ್ನು ಮೂರು ಸಲ ತೊಳೆದು ನಲ್ಲಿಯಲ್ಲಿ ಹಿಡಿದು ತಂದಳು ರತ್ನ. ದೂರದಿಂದ ನಡೆದು ಬಂದವರಿಗೆ ಜಗಲಿಯ ಮೆಟ್ಟಿಲಲ್ಲಿ ಕೊಡುವ ಹಾಗೆಯೇ ಅಮ್ಮಣಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಬೊಗಸೆಯಿಂದ ಒಂದೊಂದು ಚಕ್ರಕ್ಕೂ ನೀರು ಹೊಯ್ದಳು. ಒಣಗಿ ಬಿರಿದ ರಬ್ಬರು ಕಪ್ಪಾಗಿ ಹೊಳೆಯಿತು. ತುಕ್ಕು ಹಿಡಿಯುತ್ತದೆ, ಮೇಲಿನವರು ಬೈಯುತ್ತಾರೆ ಎಂದು ಹೇಳಲು ಹೊರಟಿದ್ದ ಗುಡ್ಡ, ಹೇಳದೆ, ಫೋಟೋದವರನ್ನು ಸೀಟಿ ಊದಿ ಆಚೆ ಕಳಿಸಿದ.

“ಹುಡ್ಕಿ ಹುಡ್ಕಿ ಸಾಕಾಯ್ತಲ ನಿಂಗೂ,” ಎಂದಳು ಅಮ್ಮಣಿ, ಚಕ್ರಕ್ಕೆ. “ಅಡ್ಡಿಲ್ಲೆ. ನೀ ಎಂತ ಮಾಡುಕಾತ್ತ್.”

ಬಕೆಟ್ಟಿನ ಉಳಿದ ನೀರಿನಲ್ಲಿ ತನ್ನ ಕೈ ತೊಳೆದುಕೊಂಡು, ಒದ್ದೆ ಕೈಯನ್ನು ಸೀರೆಗೆ ಒರೆಸಿದಳು. ಅಳಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಖಾಲಿ ಇದ್ದರೂ ಈಚೆ ಕೂತಳು. ಮರವಂತೆಯ ಉದ್ದಕ್ಕೂ ಸಮುದ್ರ ಪಕ್ಕದಲ್ಲೇ ಬರುತ್ತಿತ್ತು. ಅವಳು ಎದುರು ಸೀಟಿನವಳ ಬೆನ್ನನ್ನು ನೋಡುತ್ತಾ ಬಂದಳು.

ಮನೆಗೆ ಬಂದು ಸೀರೆ ಬದಲಿಸಿ, ಒಲೆ ಹೊತ್ತಿಸಿ ಎಸರಿಟ್ಟಳು. “ಯತೀಶಂಗೆ ಫೋನ್ ಮಾಡ್,” ಎಂದಳು. “ಬೊಜ್ಜಕ್ಕೆ ದಿನ ಕಾಣುಕೆ ಹೇಳ್. ಪ್ರಜ್ಞಾಳ ಮದಿ ನಿಲ್ಲುಕಾಗ.”

ರತ್ನ ಅಂಗಳದಲ್ಲಿ ನಿಂತು ಫೋನ್ ಮಾಡಿದಳು. ಯತೀಶ ಆಚೆಯಿಂದ, “ಹ್ಯಾಂಗ್ ಒಪ್ಸ್ದೆ ಮಾರಾಯ್ತಿ?” ಎಂದು ಕೇಳಿದ. ಅವನ ದನಿ ಒಡೆಯಿತು, ಅಂಗಡಿಯಲ್ಲಿ ಜನ ಇದ್ದಾರೆ ಎಂದು ಹೇಳಿ ಇಟ್ಟುಬಿಟ್ಟ. ಇಟ್ಟ ಮೇಲೆಯೂ ಅವಳು ಫೋನನ್ನು ಕಿವಿಯಲ್ಲೇ ಹಿಡಿದಿದ್ದಳು.

ಒಳಗೆ ಬಂದಾಗ ಅಮ್ಮಣಿ ಅಕ್ಕಿ ಅಳೆಯುತ್ತಿದ್ದಳು. ಸಿದ್ದೆ ತುಂಬಿ, ಅಂಗೈಯಿಂದ ಮಟ್ಟ ಮಾಡಿ, ತೊಳೆದು ಎಸರಿಗೆ ಹಾಕಿದಳು. ಆಮೇಲೆ ಅಭ್ಯಾಸದಿಂದ ಅವಳ ಕೈ ಮತ್ತೊಮ್ಮೆ ಡಬ್ಬಿಗೆ ಹೋಯಿತು, ಅಕ್ಕಿಯ ಮೇಲೆ ಸ್ವಲ್ಪ ಹೊತ್ತು ಹಾಗೆಯೇ ಇತ್ತು, ಖಾಲಿಯಾಗಿ ಹೊರಗೆ ಬಂತು. ಡಬ್ಬಿಯ ಮುಚ್ಚಳ ಹಾಕಿ, ಗಟ್ಟಿಯಾಗಿ ಒತ್ತಿ, ದನಕ್ಕೆ ಹುಲ್ಲು ಹಾಕಲು ಹಿತ್ತಿಲಿಗೆ ಹೋದಳು.

ಅನ್ನ ಕುದಿಯುತ್ತಿತ್ತು. ರತ್ನ ಒಲೆಯೆದುರು ಕೂತು ಬಹಳ ಹೊತ್ತು ನೋಡಿದಳು. ಕುಚ್ಚಲಕ್ಕಿ ಅರ್ಧಕ್ಕರ್ಧ ಬೆಂದು ಅರಳಿತ್ತು. ಅವಳು ಎದ್ದು, ಡಬ್ಬಿಯ ಮುಚ್ಚಳವನ್ನು ಸದ್ದಾಗದ ಹಾಗೆ ತೆಗೆದು, ಒಂದು ಮುಷ್ಟಿ ಅಕ್ಕಿ ಹಿಡಿದು, ತೊಳೆಯದೆ ಹಾಗೆಯೇ ಕುದಿಯುವ ಪಾತ್ರೆಗೆ ಹಾಕಿದಳು. ಬಿಸಿ ಹಬೆ ಮಣಿಕಟ್ಟಿಗೆ ತಾಗಿ ಚುರ್ ಎಂದಿತು. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

ದೀಪ ಹಚ್ಚಿದ ಮೇಲೆ ಇಬ್ಬರೂ ಉಣ್ಣಲು ಕೂತರು. ಬಂಗುಡೆ ಸಾರು ಇತ್ತು. ಎರಡನೇ ತುತ್ತಿಗೆ ಅಮ್ಮಣಿಯ ಹಲ್ಲಿಗೆ ಬೇಯದ ಅಕ್ಕಿ ಸಿಕ್ಕಿತು. ಅಗಿಯುವುದನ್ನು ನಿಲ್ಲಿಸಿ, ಸೊಸೆಯ ಕಡೆ ನೋಡಿದಳು. ರತ್ನ ಬಟ್ಟಲಿನಿಂದ ತಲೆ ಎತ್ತಲಿಲ್ಲ.

ಅಮ್ಮಣಿ ಮತ್ತೆ ಅಗಿಯತೊಡಗಿದಳು, ನಿಧಾನವಾಗಿ, ಒಂದು ಕಾಳನ್ನೂ ಹೊರಗೆ ತೆಗೆಯದೆ.