ಜಾರದ ರೊಟ್ಟಿ ಹಲಗೆ

ಬನಹಟ್ಟಿಯ ನೇಕಾರ ಶಿದ್ರಾಮಪ್ಪನ ಮನೆಯ ಗೋಡೆಯ ಮೇಲೆ ಎರಡು ಪೇಟೆಂಟ್ ಪತ್ರಗಳು ಗಾಜು ಹಾಕಿಸಿಕೊಂಡು ತೂಗುತ್ತಿದ್ದವು. ಮೊದಲನೆಯದು ಹಾಲು ಉಕ್ಕುವಾಗ ಸಿಳ್ಳೆ ಹಾಕುವ ಮುಚ್ಚಳದ್ದು. ಸಿಳ್ಳೆ ಹಾಕುತ್ತಿತ್ತು, ಸುಳ್ಳಲ್ಲ. ಹಾಲೆಲ್ಲ ಒಲೆಯ ಪಾಲಾದ ಮೇಲೆ. ಎರಡನೆಯದು ಮಡಚಿಡುವ ಕಸಬರಿಗೆಯದು. ಅದು ಗುಡಿಸುವಾಗಲೂ ಮಡಚಿಕೊಳ್ಳುತ್ತಿತ್ತು. ಹೆಂಡತಿ ಸಾತವ್ವ ಮುಚ್ಚಳವನ್ನು ಖಾರದ ಡಬ್ಬಿಗೆ ಮುಚ್ಚಿದ್ದಳು, ಕಸಬರಿಗೆಯನ್ನು ಬೆಕ್ಕು ಓಡಿಸಲು ಇಟ್ಟುಕೊಂಡಿದ್ದಳು. ಮನೆ ಗೆದ್ದು ಮಾರು ಗೆಲ್ಲು ಅನ್ನುತ್ತಾರೆ. ಶಿದ್ರಾಮಪ್ಪ ಪೇಟೆಂಟ್ ಆಫೀಸನ್ನು ಎರಡು ಸಲ ಗೆದ್ದಿದ್ದ, ಅಡುಗೆಮನೆಯನ್ನು ಒಮ್ಮೆಯೂ ಗೆದ್ದಿರಲಿಲ್ಲ. ಮಾಡಿದ್ದನ್ನು ಯಾರೂ ಬಳಸುವುದಿಲ್ಲ ಎಂಬ ಸಂಕಟವನ್ನು ಅವನು ಯಾರ ಮುಂದೆಯೂ ಹೇಳುತ್ತಿರಲಿಲ್ಲ.

ಮೂರನೆಯದು ರೊಟ್ಟಿ ಹಲಗೆ. ಜೋಳದ ರೊಟ್ಟಿ ಬಡಿಯುವ ರಭಸಕ್ಕೆ ಹಲಗೆ ಮುಂದೆ ಜಾರುತ್ತದೆ, ಬಡಿಯುವವಳು ಅದರ ಹಿಂದೆ ಸರಿಯುತ್ತಾಳೆ. ಶಿದ್ರಾಮಪ್ಪ ಮಗ್ಗದ ಹಳೆಯ ರಬ್ಬರ್ ಕತ್ತರಿಸಿ ಹಲಗೆಯ ಅಡಿಗೆ ಕೂರಿಸಿದ. ಬಡಿದಷ್ಟೂ ನೆಲವನ್ನು ಗಟ್ಟಿ ಹಿಡಿಯಿತು. ಒಂದಿಷ್ಟು ಹಲಗೆ ಮಾಡಿ ಅಟ್ಟದ ಮೇಲಿಟ್ಟ.

"ಅರ್ಜಿ ಹಾಕೂತನಾ ಯಾರಿಗೂ ತೋರಸಬ್ಯಾಡ. ಮಂದಿ ಕಂಡರ ಪೇಟೆಂಟ್ ಕೊಡಾಂಗಿಲ್ಲ," ಎಂದು ಸಾತವ್ವನಿಗೆ ತಾಕೀತು ಮಾಡಿ, ಮಗ್ಗದ ಸಾಮಾನು ತರಲು ಪರವೂರಿಗೆ ಹೋದ.

ಬಂದು ನೋಡಿದರೆ ಅಟ್ಟ ಖಾಲಿ.

"ತೋರಿಸಿದೇನ?"

"ತೋರಿಸಿಲ್ರಿ," ಅಂದಳು ಸಾತವ್ವ. "ಕೊಟ್ಟೇನಿ."

ಗಲಗಲಿಯಲ್ಲಿ ಅವಳ ತಂಗಿಯ ಮಗಳು ಬಸುರಿ. ಕುಬಸದ ಕಾರ್ಯ, ಅಂದರೆ ಸೀಮಂತ, ಇತ್ತು. ಅಂಥ ಮನೆಗೆ ರೊಟ್ಟಿ ಬಡಿಯಲು ಓಣಿಯ ಹೆಂಗಸರೆಲ್ಲ ಬರುತ್ತಾರೆ.

"ಅಷ್ಟ ಮಂದಿ ರೊಟ್ಟಿ ಬಡಿಯಾಕ ಕುಂತಾಗ, ಮನ್ಯಾಗಿನ ಹಲಗಿ ಮುಚ್ಚಿಟ್ಟು ನಾ ಬರಿಗೈಲೇ ಹೋಗ್ಲೇನ್ರಿ?"

ಇದಕ್ಕೆ ಯಾವ ಕಾನೂನಿನಲ್ಲೂ ಉತ್ತರವಿಲ್ಲ. ಶಿದ್ರಾಮಪ್ಪ ಮರುದಿನವೇ ಹಲಗೆ ತರಲು ಗಲಗಲಿಗೆ ಹೋದ, ಸಂಜೆ ಬರಿಗೈಯಲ್ಲಿ ಬಂದ. ಆಮೇಲೆ ಅರ್ಜಿಯನ್ನೇನೋ ಹಾಕಿದ. ಆದರೆ ಪಾತ್ರೆ ಮಾಡುವ ಕಂಪನಿಯೊಂದು ತಕರಾರು ತೆಗೆಯಿತು. ಅರ್ಜಿಗಿಂತ ಮೊದಲೇ ಹಲಗೆ ಬಳಕೆಯಲ್ಲಿತ್ತು ಎಂದು, ಯಾರೋ ಮೊಬೈಲಿನಲ್ಲಿ ತೆಗೆದು ಊರಿಗೆಲ್ಲ ಹಂಚಿದ್ದ ಕುಬಸದ ವಿಡಿಯೋವನ್ನೇ ಸಾಕ್ಷಿಗೆ ಕೊಟ್ಟಿತು.

ವಿಚಾರಣೆ ಲ್ಯಾಪ್‌ಟಾಪಿನ ಪರದೆಯ ಮೇಲೆ. ಬೆಳಗಾವಿಯಿಂದ ಬಂದಿದ್ದ ಪೇಟೆಂಟ್ ವಕೀಲೆ ವೈಶಾಲಿ ಮೊದಲೇ ಹೇಳಿಕೊಟ್ಟಿದ್ದಳು: "ಪರೀಕ್ಷಾ ಮಾಡಾಕ ಕೊಟ್ಟಿದ್ವಿ, ಆಮ್ಯಾಲ ವಾಪಸ್ ತಗೊಂಡ್ವಿ ಅನ್ರಿ. ಪರೀಕ್ಷಾಕ್ಕ ಕಾನೂನಿನ್ಯಾಗ ಮಾಫಿ ಐತಿ. ಮುಂದ ಒಂದು ಮಾತೂ ಆಡಬ್ಯಾಡ್ರಿ."

ಪರದೆಯ ಮೇಲಿನ ಪೇಟೆಂಟ್ ಅಧಿಕಾರಿಗೆ ಕನ್ನಡ ಬರುತ್ತಿತ್ತು, ವಕೀಲೆಯನ್ನು ಬಿಟ್ಟು ನೇರ ಶಿದ್ರಾಮಪ್ಪನನ್ನೇ ಕೇಳಿದರು. ಅಲ್ಲಿಗೇ ಕೆಟ್ಟಿತು.

"ಪರೀಕ್ಷೆ ಮುಗಿದ ಮೇಲೆ ಹಲಗೆಗಳನ್ನು ವಾಪಸ್ ಪಡೆದಿರಾ?"

ಶಿದ್ರಾಮಪ್ಪ 'ಹೌದು' ಅನ್ನಲು ಬಾಯಿ ತೆರೆದ. ಮುಚ್ಚಳವನ್ನೋ ಕಸಬರಿಗೆಯನ್ನೋ ವಾಪಸ್ ಕೇಳುವ ಪ್ರಸಂಗ ಅವನ ಜೀವಮಾನದಲ್ಲಿ ಬಂದಿರಲಿಲ್ಲ. ಅವು ತಾವಾಗಿಯೇ ವಾಪಸ್ ಬರುತ್ತಿದ್ದವು. ಎದೆ ಉಬ್ಬಿ ಬಂತು.

"ಕೇಳಾಕ ಖುದ್ದ ನಾನ ಹೋಗಿದ್ದೆ ರೀ. ಕೊಡಲಿಲ್ಲ."

"ಯಾರೂ ಕೊಡಲಿಲ್ಲವೆ?"

"ಒಬ್ಬಾಕಿನೂ ಕೊಡಲಿಲ್ರಿ! ಹಳೇ ಹಲಗಿ ಒಲಿಗೆ ಹಾಕ್ಯಾರ್ರಿ. ಒಬ್ಬಾಕಿ ಮುದುಕಿ ಅಂತೂ ಹಲಗಿ ಮ್ಯಾಲ ಕುಂತು, ನಾ ಹೊಳ್ಳಿ ಹೋಗೂತನಾ ಏಳಲೇ ಇಲ್ರಿ."

ವೈಶಾಲಿ ಮೇಜಿನ ಕೆಳಗೆ ಅವನ ಕಾಲು ತುಳಿದಳು. ಶಿದ್ರಾಮಪ್ಪ ಕಾಲು ಹಿಂದೆ ಎಳೆದುಕೊಂಡು, ರನ್ನ ಬೆಳಗಲಿ ಊರಿನಿಂದಲೂ ಹಲಗೆ ಕೇಳಿಕೊಂಡು ಬಂದವರ ಸುದ್ದಿ ಶುರುಮಾಡಿದ. ಅಧಿಕಾರಿ ಎಲ್ಲವನ್ನೂ ಬರೆದುಕೊಂಡರು.

ಅರ್ಜಿ ತಿರಸ್ಕಾರವಾದ ದಿನ ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಪೇಟೆಂಟ್ ಹೋತು," ಅಂದ.

ಸಾತವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಹೋದರ ಹೋಗವಲ್ದ್ಯಾಕ ಬಿಡ್ರಿ. ನನಗೊಂದು ಹಲಗಿ ಮಾಡಿ ಕೊಡ್ರಿ. ಊರ ಮಂದಿಗೆಲ್ಲಾ ಐತಿ, ನನಗ ಇಲ್ಲ."